ಜನರೇಟರಿಗೆ ಹಚ್ಚಿದ ವಿಭೂತಿ

ಕಲಿತ ವಿದ್ಯೆಯನ್ನು ಮನೆಯವರ ಮುಂದೆ ಪ್ರಯೋಗಿಸಬಾರದು ಎಂಬುದು ನನ್ನ ಅನುಭವ. ಹೊರಗೆ ಸೋತರೆ ಬಸ್ಸು ಹತ್ತಿ ಮನೆಗೆ ಬಂದುಬಿಡಬಹುದು. ಮನೆಯಲ್ಲೇ ಸೋತರೆ ಹೋಗುವುದೆಲ್ಲಿಗೆ? ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗದೆ, ಇಳಕಲ್ಲಿನಿಂದ ಬಾಗಲಕೋಟೆಗೆ ಓಡಾಡಿ ಸಣ್ಣ ಇಂಜಿನ್ನುಗಳ ರಿಪೇರಿ ಕಲಿತೆ. ಫೋರ್ ಸ್ಟ್ರೋಕ್ ಅಂದರೇನೆಂದು ನನಗೆ ಕೂಡಲೇ ತಿಳಿಯಿತು: ಗಾಳಿ, ಪೆಟ್ರೋಲು ಒಳಗೆ ಎಳೆದುಕೊಳ್ಳುವುದು, ಒತ್ತಿ ಹಿಡಿಯುವುದು, ಉರಿದುಬೀಳುವುದು, ಹೊಗೆ ಹೊರಗೆ ಬಿಡುವುದು. ಇಷ್ಟು ವರ್ಷ ನನ್ನ ಸಿಟ್ಟು ಮಾಡಿದ್ದೂ ಅದನ್ನೇ. ಹೆಂಡತಿ ಗಿರಿಜೆಯ ಮಾತು ಎಳೆದುಕೊಳ್ಳುತ್ತೇನೆ, ಒತ್ತಿಕೊಳ್ಳುತ್ತೇನೆ, ಉರಿಯುತ್ತೇನೆ, ಕೊನೆಗೆ ನಾನೇ ಹೊಗೆಯಾಗಿ ಅಂಗಳಕ್ಕೆ ಹೋಗುತ್ತೇನೆ.

ಗಿರಿಜೆ ಮನೆಯಲ್ಲೇ ಸೀರೆಗಳಿಗೆ ಫಾಲು ಹಚ್ಚಿ ಪಿಕೋ ಮಾಡಿಕೊಡುತ್ತಾಳೆ. ಕರೆಂಟು ಹೋದಾಗ ಮಷೀನು ನಿಲ್ಲದಿರಲೆಂದು ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟಿದ್ದಾಳೆ. ಖಂಡೇ ಪೂಜೆ, ಅಂದರೆ ಆಯುಧಪೂಜೆ, ಮುಗಿದ ಮರುವಾರ ಲೈನ್ ರಿಪೇರಿ ಅಂತ ಇಡೀ ದಿನ ಕರೆಂಟಿರಲಿಲ್ಲ. ಹುನಗುಂದದ ಹೆಣ್ಣುಮಗಳೊಬ್ಬಳು ಮಗಳ ನಿಶ್ಚಯದ ಸೀರೆಗಳಿಗಾಗಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಹೇಳಿದ ದಿನಕ್ಕೆ ಗಿರಿಜೆ ಸೀರೆ ಕೊಡದೆ ಇದ್ದದ್ದೇ ಇಲ್ಲ. ಅವತ್ತು ಜನರೇಟರ್ ಶುರುವಾಗುತ್ತಿತ್ತು, ಸ್ವಲ್ಪ ಹೊತ್ತು ಓಡಿ ಗೊರಗೊರ ಅಂದು ನಿಲ್ಲುತ್ತಿತ್ತು.

ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಕೂತೆ. ಪ್ಲಗ್ ಬಿಚ್ಚಿ ಒರೆಸಿದೆ, ಓಡಿತು, ನಿಂತಿತು. ಕಾರ್ಬೊರೇಟರ್ ತೊಳೆದೆ; ಓಡಿತು, ನಿಂತಿತು. ಪ್ರತಿ ಸಲ ಓಡಿದಾಗಲೂ "ಆತು ನೋಡು" ಎಂದು ಮೀಸೆ ತಿರುವಿದ್ದು ನನ್ನ ತಪ್ಪು.

"ಅಕ್ಕಾರ, ಸಂಜಿ ಬಸ್ಸಿಗೆ ಹೋಗಬೇಕ್ರಿ ನಾ. ಆಗೂದಿಲ್ಲಂದ್ರ ಸೀರಿ ಹಂಗ ಕೊಡ್ರಿ, ಬ್ಯಾರೆ ಕಡೆ ನೋಡ್ತೇನಿ" ಎಂದಳು ಆ ಹೆಣ್ಣುಮಗಳು.

ಗಿರಿಜೆ ಸೀರೆ ಮಡಚತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೇರೇನೂ ತೋಚದೆ, ಪೆಟ್ರೋಲು ಹಳೆಯದಾಗಿದೆಯೋ ಏನೋ ಮೂಸಿ ನೋಡೋಣವೆಂದು ಟಾಕಿಯ ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಮೇಲೆ ಗಾಳಿಯಾಡಲೆಂದು ಒಂದು ಸಣ್ಣ ತೂತಿರುತ್ತದೆ. ಪೂಜೆಯ ವಿಭೂತಿ ಕುಂಕುಮದ ಸಮೇತ ಅದರಲ್ಲಿ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗದೆ ಪೆಟ್ರೋಲು ಕೆಳಗೆ ಇಳಿಯುತ್ತಿರಲಿಲ್ಲ. ಸೂಜಿಯಿಂದ ತೂತು ಬಿಡಿಸಿ ಜನರೇಟರ್ ಶುರು ಮಾಡುವ ಹಗ್ಗ ಜಗ್ಗಿದೆ. ಓಡಿತು. ಓಡುತ್ತಲೇ ಇತ್ತು. ಅಷ್ಟು ಕರ್ಕಶ ಸದ್ದು ಅಷ್ಟು ಇಂಪಾಗಿ ಯಾವತ್ತೂ ಕೇಳಿಸಿರಲಿಲ್ಲ. ಸೀರೆಗಳು ಮುಗಿದವು, ಹುನಗುಂದದ ಬಸ್ಸೂ ಸಿಕ್ಕಿತು.

ಜೀವ ಹಗುರಾಗಿ, ಧೈರ್ಯ ಬಂದು, "ಪೂಜಿ ಮಾಡೋ ಮುಂದ ಸ್ವಲ್ಪ ನೋಡಿ ಹಚ್ಚಬೇಕವಾ" ಎಂದೆ.

ಗಿರಿಜೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಟಾಕಿ ಮೈಗಷ್ಟ ಹಚ್ಚಿದ್ದೆ ನಾ. ಮುಚ್ಚಳ ಬೋಳ ಕಾಣತೈತಿ ಅಂತ ಮೂರು ಬೊಟ್ಟಿಲೆ ಬಳದವರು ಯಾರ್ರಿ? ಮುಂದಿನ ವರ್ಷ ನೀವು ದೂರ ನಿಂತು ಕೈ ಮುಗೀರಿ, ಸಾಕು."

ಆ ಮಾತನ್ನು ಒಳಗೆ ಎಳೆದುಕೊಂಡೆ, ಒತ್ತಿಕೊಂಡೆ. ಉರಿಯಲು ಮಾತ್ರ ಏನೂ ಉಳಿದಿರಲಿಲ್ಲ. ಸೀದಾ ಅಂಗಳಕ್ಕೆ ಹೋದೆ.