ಮಚ್ಚೆ ಯಾವ ಕಡೆ?

ಕಂಪ್ಯೂಟರಿನಲ್ಲಿ ‘ತಿರುಗಿಸು’ ಎಂಬ ಮಾತಿನ ಪಕ್ಕ ಒಂದು ಸಣ್ಣ ಚೌಕವಿತ್ತು. ಅದರೊಳಗೆ ಗುರುತು ಹಾಕಬೇಕಿತ್ತು. ಅಚ್ಚಣ್ಣ ಹಾಕಲಿಲ್ಲ. ಆ ದಿನ ಆದದ್ದಕ್ಕೆಲ್ಲ ಇಷ್ಟೇ ಕಾರಣ.

ಬಟ್ಟೆಯ ಮೇಲೆ ಚಿತ್ರ ಒತ್ತಿಕೊಡುವ ಅವನ ಅಂಗಡಿ ಆ ಬೀದಿಗೆ ಬಂದು ಆರು ತಿಂಗಳಾಗಿತ್ತು. ಅಚ್ಚಣ್ಣ ಎಂಬ ಹೆಸರು ಬೀದಿಯವರೇ ಇಟ್ಟದ್ದು. ಆಟಗಾರರ ನೈಲಾನ್ ಅಂಗಿಗಳ ಬೆನ್ನಿಗೆ ಅಂಕಿ ಅಂಟಿಸುವುದು ಅವನ ನಿತ್ಯದ ಕೆಲಸ. ಹಿಂದಿನ ವಾರ ಎದುರುಸಾಲಿನ ಕ್ಷೌರಿಕರು ತೀರಿಕೊಂಡಿದ್ದರು. ನಲವತ್ತು ವರ್ಷ ಒಂದೇ ಕುರ್ಚಿಯ ಹಿಂದೆ ನಿಂತು ಬೀದಿಯ ತಲೆಗಳನ್ನೆಲ್ಲ ತಿದ್ದಿದವರು. ಅಚ್ಚಣ್ಣನದು ಮಾತ್ರ ನುಣ್ಣನೆಯ ಬೋಳುತಲೆ. ಅವರ ಅಂಗಡಿಯೊಳಗೆ ಅವನು ಕಾಲಿಟ್ಟವನೇ ಅಲ್ಲ.

ಬೆಳಿಗ್ಗೆ ಅವರ ಮಗಳು ಒಂದು ಫೋಟೋ, ಮೂವತ್ತೆರಡು ಕೈಚೀಲ ತಂದು ಮೇಜಿನ ಮೇಲಿಟ್ಟಳು.

“ಅಪ್ಪನಿಗೆ ಕೊನೆಕೊನೇಲಿ ನೈಲಾನ್ ತಾಗಿದ್ರೆ ಮೈಯೆಲ್ಲ ದದ್ದು ಏಳ್ತಿತ್ತು ಅಣ್ಣಾ. ಅದಕ್ಕೇ ಸಾವಯವ ಹತ್ತೀದು ಹೊಲಿಸಿದ್ದೀನಿ. ಬ್ಲೀಚ್ ಇಲ್ಲ, ಬಣ್ಣ ಇಲ್ಲ. ಸಂಜೆ ಐದಕ್ಕೆ ಅಂಗಡೀಲೇ ಸಭೆ. ಅವರ ಹಳೇ ಗಿರಾಕಿಗಳಿಗೆ ಒಂದೊಂದು ಕೊಡಬೇಕು.”

“ಚಿಂತೆ ಬಿಡಮ್ಮ. ನಾನಿಲ್ವಾ?” ಎಂದ ಅಚ್ಚಣ್ಣ.

ಆ ಬಟ್ಟೆ ಹಸುಗೂಸಿನ ಮೈಯಂಥದ್ದು. ಬಿಸಿ ಹೆಚ್ಚಾದರೆ ಕಂದುತ್ತದೆ, ಕಡಿಮೆಯಾದರೆ ಚಿತ್ರ ಹಿಡಿಯುವುದಿಲ್ಲ. ತೇವ ಆರಲೆಂದು ಅವನು ಮೊದಲು ಬರಿಯ ಚೀಲಗಳನ್ನೇ ಒಂದೊಂದಾಗಿ ಹೀಟ್ ಪ್ರೆಸ್ಸಿನಲ್ಲಿಟ್ಟು ಒತ್ತಿದ. ಅಷ್ಟು ಹೊತ್ತಿಗೆ ಪಕ್ಕದ ಇಸ್ತ್ರಿಯಣ್ಣ ಬಂದು ನಿಂತ.

“ಈ ಬಿಸಿ ಎಲ್ಲಿಗೆ ಸಾಲುತ್ತೆ? ಹತ್ತಿ ಕಣಯ್ಯಾ ಇದು. ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತಿದ್ದೀನಿ.”

ಅಚ್ಚಣ್ಣ ಚಿತ್ರ ಅಚ್ಚಾದ ಹಾಳೆ ತರಲು ತಿರುಗಿದ್ದೇ ತಡ, ಇಸ್ತ್ರಿಯಣ್ಣನ ಅನುಭವ ಬಿಸಿಯ ಗುಂಡಿಯನ್ನು ತಿರುವಿತು. ಮೊದಲ ಚೀಲ ತಳಹಿಡಿದ ಪಾತ್ರೆಯ ಬಣ್ಣಕ್ಕೆ ಬಂತು. ಇಸ್ತ್ರಿಯಣ್ಣ ಅದನ್ನು ಮೂಸಿ ನೋಡಿ, “ಬಟ್ಟೇನೇ ಸರಿಯಿಲ್ಲ,” ಎಂದು ಹೊರಟುಹೋದ.

ಉಳಿದ ಮೂವತ್ತೊಂದನ್ನು ಅಚ್ಚಣ್ಣ ಉಸಿರು ಬಿಗಿಹಿಡಿದು ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಒಂದನ್ನೆತ್ತಿ ಫೋಟೋದ ಪಕ್ಕ ಹಿಡಿದ. ಫೋಟೋದಲ್ಲಿ ಎಡಗೆನ್ನೆಯ ಮೇಲಿದ್ದ ದೊಡ್ಡ ಮಚ್ಚೆ ಚೀಲದಲ್ಲಿ ಬಲಗೆನ್ನೆಗೆ ಹೋಗಿ ಕೂತಿತ್ತು. ನೈಲಾನಿಗೆ ಬಳಸುತ್ತಿದ್ದ ಅವನ ಹಳೆಯ ಹಾಳೆಗಳನ್ನು ಚಿತ್ರ ಮೇಲಾಗಿಟ್ಟು ಒತ್ತಬೇಕಿತ್ತು. ಹತ್ತಿಗೆಂದು ತರಿಸಿದ ಈ ಹಾಳೆಯನ್ನು ಚಿತ್ರ ಕೆಳಗಾಗಿ. ಹಾಗಾಗಿ ಚಿತ್ರವನ್ನು ಮೊದಲೇ ಎಡಬಲ ತಿರುಗಿಸಿ ಅಚ್ಚು ತೆಗೆಯಬೇಕಿತ್ತು.

ತಂದೆ ಕಳೆದುಕೊಂಡ ಹುಡುಗಿ. ಅವಳ ಕೈಗೆ ಬೇರೆ ಯಾರದೋ ಥರದ ಮುಖ ಕೊಡುವುದು ಹೇಗೆ? ಅಚ್ಚಣ್ಣ ತಲೆಯ ಮೇಲೆ ಕೈಹೊತ್ತು ಕೂತ.

ಚೀಲಗಳನ್ನು ಹೊಲಿದ ಟೈಲರಕ್ಕ ಇಣುಕಿದಳು. ವಿಷಯ ಕೇಳಿ, “ಇಷ್ಟೇ ತಾನೆ? ಚೀಲಾನ ಒಳಹೊರಗು ಮಾಡು. ತಪ್ಪು ಒಳಗೆ ಹೋಗುತ್ತೆ. ಇನ್ನೊಂದು ಮಗ್ಗುಲಿಗೆ ಸರಿಯಾದ್ದು ಒತ್ತು,” ಎಂದಳು.

“ಹೊಲಿಗೆ ಅಂಚು ಹೊರಗೆ ಕಾಣುತ್ತಲ್ಲಕ್ಕಾ?”

“ಕೇಳಿದ್ರೆ ಫ್ಯಾಷನ್ ಅನ್ನು.”

ಹಾಗೆ ಮಾಡಿದ ಮೊದಲ ಚೀಲದಲ್ಲಿ ಒಳಗಿನ ಮುಖ ಬಿಸಿಗೆ ಕರಗಿ ಎದುರಿನ ಬಟ್ಟೆಗೆ ಅಂಟಿಕೊಂಡಿತು. ಇಬ್ಬರೂ ಎರಡು ಕಡೆ ಹಿಡಿದು ಜಗ್ಗಿದರು. ಚೀಲ ಕಚ್ಚಿದ ಬಾಯಿ ಬಿಡಲಿಲ್ಲ. ಆಮೇಲೆ ಒಳಗೆ ಬೆಣ್ಣೆಕಾಗದ ಇಟ್ಟು ಒತ್ತಿದ. ಐದಕ್ಕೆ ಐದು ನಿಮಿಷವಿರುವಾಗ ಮೂವತ್ತು ಚೀಲ ಸಿದ್ಧವಾದವು. ಎಲ್ಲದರಲ್ಲೂ ಮಚ್ಚೆ ಫೋಟೋದಲ್ಲಿದ್ದ ಕೆನ್ನೆಯಲ್ಲೇ ಇತ್ತು. ಅಚ್ಚಣ್ಣನಿಗೆ ಕಣ್ಣು ತುಂಬಿ ಬಂತು.

ಕ್ಷೌರದಂಗಡಿಯಲ್ಲಿ ಜನ ಗೋಡೆಗೊರಗಿ ತಲೆತಗ್ಗಿಸಿ ನಿಂತಿದ್ದರು. ಎಲ್ಲರಿಗಿಂತ ಹಳೆಯ ಗಿರಾಕಿಯಾದ ನಿವೃತ್ತ ಮೇಷ್ಟ್ರನ್ನು ಆ ಕುರ್ಚಿಯಲ್ಲೇ ಕೂರಿಸಿದ್ದರು. ಮಗಳು ಒಂದೊಂದೇ ಚೀಲ ಹಂಚಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಇವರು ಯಾರು?”

ಗೋಡೆಗೊರಗಿದವರೆಲ್ಲ ತಲೆಯೆತ್ತಿದರು. 

“ನಮ್ಮಪ್ಪ, ಮೇಷ್ಟ್ರೇ,” ಎಂದಳು ಮಗಳು.

“ಇಲ್ಲಮ್ಮಾ. ಏನೋ ಹೆಚ್ಚುಕಡಿಮೆ ಆಗಿದೆ. ಮಚ್ಚೆ ಈ ಕಡೆ ಅಲ್ಲ.”

“ಹೌದು, ಆ ಕಡೆ,” ಎಂದರು ಗೋಡೆಗೊರಗಿದವರು. “ನಾವೂ ಅದನ್ನೇ ಯೋಚಿಸ್ತಿದ್ವಿ. ಅಚ್ಚಣ್ಣ ಕೆಡಿಸಿಬಿಟ್ಟಿದ್ದಾನೆ.”

ಅಚ್ಚಣ್ಣ ಮುಂದೆ ಬಂದ. “ಫೋಟೋ ನೋಡಿ ಮಾಡಿದ್ದೀನಿ ಸ್ವಾಮೀ...”

“ಫೋಟೋ ಕಥೆ ನಮಗೇನು ಹೇಳ್ತೀಯಾ? ತಿಂಗಳಿಗೊಂದು ಸಲ ಅರ್ಧ ಗಂಟೆ ಆ ಮುಖಾನೇ ನೋಡ್ಕೊಂಡು ಕೂತೋರು ನಾವು!” ಎಂದರು ಮೇಷ್ಟ್ರು.

ಮಗಳು ಒಂದು ಚೀಲವನ್ನು ತೆಗೆದುಕೊಂಡು ಮೇಷ್ಟ್ರ ಕುರ್ಚಿಯ ಹಿಂದೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಅದನ್ನು ಅವರ ಹೆಗಲ ಮೇಲಿಂದ ಎತ್ತಿ ಹಿಡಿದಳು. ಎದುರಿನ ದೊಡ್ಡ ಕನ್ನಡಿಯಲ್ಲಿ ಮಚ್ಚೆ ಕೆನ್ನೆ ಬದಲಾಯಿಸಿತು.

“ಇದೇ!” ಮೇಷ್ಟ್ರು ಕನ್ನಡಿಯತ್ತ ಬೆರಳು ತೋರಿಸಿದರು. “ಇವರೇ ನಮ್ಮೋರು.”

ಎಲ್ಲರ ಕಣ್ಣೂ ಕನ್ನಡಿಗೆ ನೆಟ್ಟವು. ಅಷ್ಟರಲ್ಲಿ ಯಾರೋ ಚೀಲದೊಳಗೆ ಕೈಹಾಕಿ, “ಅಯ್ಯೋ, ಒಳಗಿದ್ದಾರೆ ಇಲ್ಲಿ!” ಎಂದು ಕೂಗಿದರು. ಮರುಕ್ಷಣವೇ ಚೀಲಗಳೆಲ್ಲ ಒಳಹೊರಗಾದವು. ಅಚ್ಚಣ್ಣ ಅರ್ಧ ದಿನ ಮುಚ್ಚಿಟ್ಟ ತಪ್ಪನ್ನು ಜನ ಎದೆಗೊತ್ತಿಕೊಂಡರು.

ಮೇಷ್ಟ್ರು ಅವನತ್ತ ತಿರುಗಿ, “ಮೊದಲೇ ಇಷ್ಟು ಚೆನ್ನಾಗಿ ಮಾಡಿದ್ದೋನು ಆಮೇಲೆ ಯಾಕಯ್ಯಾ ಕೆಡಿಸೋಕೆ ಹೋದೆ? ಕೆಲಸದಲ್ಲಿ ಇಷ್ಟು ಉದಾಸೀನ ಇರಬಾರದು,” ಎಂದರು.

ಅಚ್ಚಣ್ಣ ಮಗಳ ಮುಖ ನೋಡಿದ. ಅವಳಾದರೂ ತನ್ನ ಪರವಾಗಿ ಒಂದು ಮಾತು ಹೇಳಿಯಾಳೆಂಬ ಆಸೆ. ಅವಳ ಕೈಯಲ್ಲಿದ್ದ ಚೀಲವೊಂದೇ ತಿರುಗದೆ ಉಳಿದಿತ್ತು. ಸುತ್ತ ನಿಂತಿದ್ದವರ ಎದೆಗಳನ್ನು ಅವಳು ಒಂದೊಂದಾಗಿ ನೋಡುತ್ತ ಬಂದಳು.

“ಎಲ್ಲರ ಹತ್ರಾನೂ ನಮ್ಮಪ್ಪನ್ನ ತಿರುಗಿಸಿಬಿಟ್ರಲ್ಲ ಅಣ್ಣಾ,” ಎಂದು ಅಳುವುದಕ್ಕೆ ಶುರುಮಾಡಿದಳು.

ಕುರ್ಚಿಯಲ್ಲಿ ಮೇಷ್ಟ್ರು, ಅದರ ಹಿಂದೆ ಮಗಳು. ಯಾರಲ್ಲಿ ಮೊದಲು ಕ್ಷಮೆ ಕೇಳಬೇಕೆಂದು ತಿಳಿಯದೆ ಅಚ್ಚಣ್ಣ ಕನ್ನಡಿಯ ಕಡೆಗೇ ಕೈಮುಗಿದು ನಿಂತ.