ಹುಳುಮನೆ ತೊಳೆದ ಕೈಗೆ ಈಜುಕೊಳ

ಮೂವತ್ತು ವರ್ಷ ರೇಷ್ಮೆಹುಳುವಿನ ಮನೆ ತೊಳೆದ ಕೈ ಇದು! ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಯಾವುದರಲ್ಲೂ ರೋಗದ ಸುಳಿವು ಉಳಿಯಲು ಬಿಟ್ಟವಳಲ್ಲ ನಾನು. ಅಂಥವಳಿಗೆ ಒಂದು ಈಜುಕೊಳ ಯಾವ ಲೆಕ್ಕ? ಟೈಲ್ಸ್ ಹಾಕಿದ ದೊಡ್ಡ ತೊಟ್ಟಿ ತಾನೆ! ಅದನ್ನು ನಾನೊಬ್ಬಳೇ ನೀಲಿಯಾಗಿ ಹೊಳೆಯುವಂತೆ ಮಾಡಿ, ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡುವುದೆಂದು ತೀರ್ಮಾನಿಸಿದೆ. ಬೆರಳನ್ನೇನೋ ಇಟ್ಟರು. ಕಾರಣ ಬೇರೆ.

ಹೊಂಗನೂರಿನ ನಮ್ಮ ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಸೊಸೆ ರಾಧಾಮಣಿ ಎರಡು ರೂಮು ಕಟ್ಟಿಸಿ ಹೋಮ್‌ಸ್ಟೇ ಮಾಡಿದ್ದಳು. ಕೊಳವಿಲ್ಲದಿದ್ದರೆ ಬೆಂಗಳೂರಿನವರು ಬರುವುದಿಲ್ಲವಂತೆ. ಮನೆಯಲ್ಲಿ ಎರಡು ಚೊಂಬು ನೀರು ಸುರಿದುಕೊಳ್ಳಲು ಪುರುಸೊತ್ತಿಲ್ಲದವರು ನೀರಲ್ಲಿ ನೆನೆಯಲು ಅರವತ್ತು ಕಿಲೋಮೀಟರ್ ಬರುತ್ತಾರಂತೆ! ಇರಲಿ, ಅವರವರ ಸುಖ. ಸೊಸೆಯ ಮೊದಲ ಅತಿಥಿಗಳು ಭಾನುವಾರ ಬೆಳಿಗ್ಗೆ ಬರುವವರಿದ್ದರು.

ನಮ್ಮ ಯಜಮಾನರು ಕರಿಯಪ್ಪನವರಿಗೆ ಮೊದಲಿನಿಂದಲೂ ಆ ಕೊಳದ ಮೇಲೆ ಬೇರೆಯೇ ಕಣ್ಣು.

"ನೋಡವ್ವ ರಾಧಾಮಣಿ, ಭಾನುವಾರಕ್ಕೆ ನಿನ್ ನೆಂಟ್ರು ಇಳಿಯೋ ಹಂಗಿದ್ರೆ ಸರಿ. ಇಲ್ದಿದ್ರೆ ಮೀನ್ಮರಿ ತಂದು ಬುಟ್ಬುಡ್ತೀನಿ. ಕಟ್ಸಿದ್ ತೊಟ್ಟಿ ಸುಮ್ಕೆ ಬಿದ್ದಿರಬಾರ್ದು!"

"ಆಗ್ಲಿ ಮಾವ" ಎಂದಳು ಸೊಸೆ. ಎರಡು ವರ್ಷ ಅದಕ್ಕಾಗಿ ಓಡಾಡಿದವಳು. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ನನ್ನ ಕಡೆ ನೋಡಿತು. ಅಲ್ಲೇ ನನ್ನ ಕರುಳು ಚುರ್ ಎಂದಿದ್ದು, ಬುದ್ಧಿ ಕೆಟ್ಟಿದ್ದು.

ಎರಡು ದಿನ ಬೋರ್‌ವೆಲ್ ಓಡಿಸಿ ಕೊಳ ತುಂಬಿಸಿದೆವು. ನೀರು ಗಾಜಿನಂತಿತ್ತು. ಬುಧವಾರ ಸಂಜೆ, ಕೊಳ ನೋಡಿಕೊಳ್ಳುವ ರಾಮನಗರದ ಸಾಬೀರ್ ಸೊಸೆಗೆ ಫೋನಿನಲ್ಲಿ ಹೇಳಿದ:

"ಅಕ್ಕಾ, ನಿಮ್ ನೀರ್ನಾಗೆ ಕಬ್ಬಿಣ ಜಾಸ್ತಿ ಐತೆ. ಈಗ ಕಣ್ಣಿಗ್ ಕಾಣಲ್ಲ. ಮೊದ್ಲು ಕಬ್ಬಿಣ ಹಿಡ್ಕೊಳೋ ಔಷ್ದಿ, ಆಮೇಲೆ ಕ್ಲೋರಿನ್ನು, ಅದೂ ಒಸೊಸಿ. ನಾಳೆ ನಾನೇ ಬತ್ತೀನಿ. ಅಲ್ಲೀಗಂಟ ಯಾರೂ ಏನೂ ಹಾಕ್ಬ್ಯಾಡಿ."

ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು, ಕಿವಿ ಎಲ್ಲೂ ನಿಂತಿಲ್ಲ. ಆದರೆ ಕೇಳುವುದು ಬೇರೆ, ಒಪ್ಪುವುದು ಬೇರೆ. ಒಸೊಸಿಯಂತೆ, ಚೂರು ಚೂರೇ ಅಂತೆ! ಪಾಪ, ಹುಡುಗನಿಗೆ ಅನುಭವ ಸಾಲದು.

ಕ್ಲೋರಿನ್ ಎಂದರೆ ಬ್ಲೀಚಿಂಗ್ ಪುಡಿ. ಹುಳುಮನೆ ತೊಳೆಯಲು ತಂದ ಚೀಲ ಕೊಟ್ಟಿಗೆಯಲ್ಲೇ ಇತ್ತು. ಗುರುವಾರ ಬೆಳಕು ಹರಿಯುತ್ತಲೇ ಹೊರಟೆ. ಒಂದು ಡ್ರಮ್ಮಿಗೆ ಎಷ್ಟು ಪುಡಿ ಎಂದು ನನಗೆ ಗೊತ್ತು. ಕೊಳ ಎಷ್ಟು ಡ್ರಮ್ಮು? ಅದು ಮೂರನೇ ಕ್ಲಾಸಿನ ಪಾಠದಲ್ಲಿರಲಿಲ್ಲ. ಆದ್ದರಿಂದ ಇಡೀ ಚೀಲ ಬಗ್ಗಿಸಿದೆ! ಹುಳುಮನೆಗೆ ಬ್ಲೀಚಿಂಗ್ ಜೊತೆ ಅರಳಿದ ಸುಣ್ಣವೂ ಬೇಕಲ್ಲ? ಅದನ್ನೂ ಎರಡು ಬಕೆಟ್ ಸುರಿದೆ. ಕೊಳಕ್ಕೆ ಕಡಿಮೆ ಮಾಡಿದೆನೆಂಬ ಮಾತು ಬರಬಾರದು ನೋಡಿ!

ಐದು ನಿಮಿಷಕ್ಕೆ ಗಾಜಿನಂಥ ನೀರು ಟೀ ಆಯಿತು. ಹತ್ತು ನಿಮಿಷಕ್ಕೆ ಗಟ್ಟಿ ಟೀ. ಯಜಮಾನರು ಬೇವಿನಕಡ್ಡಿ ಅಗಿಯುತ್ತಾ ಬರುವ ಹೊತ್ತಿಗೆ, ದಡದಿಂದ ದಡದವರೆಗೆ ನೀರು ಕೆಂಪಗೆ, ಮಂದವಾಗಿ ನಿಂತಿತ್ತು.

"ಏನಮ್ಮಿ, ಹುರುಳಿ ಬಸ್ಸಾರು ಮಾಡಿದ್ದೀಯಾ? ಒಗ್ಗರಣೆ ಯಾವಾಗ?"

"ಮೈಲಿಗೆ ಬಿಡ್ತಾ ಐತೆ, ಸುಮ್ಕಿರಿ!"

"ಬುಡ್ಲಿ ಬುಡ್ಲಿ. ನಾನು ಮೀನಿನವ್ನಿಗೆ ಫೋನ್ ಮಾಡ್ತೀನಿ."

ಅವರು ಅತ್ತ ಹೋದರು, ನನ್ನ ತಲೆ ಇತ್ತ ಓಡಿತು. ಕಬ್ಬಿಣ ಕೆಂಪಾದರೆ ತುಕ್ಕು ತಾನೆ, ತುಕ್ಕಿಗೆ ಯಾವುದು ಮದ್ದು? ಹುಣಸೆಹಣ್ಣು! ವರ್ಷಕ್ಕೆಂದು ಕುಟ್ಟಿಟ್ಟಿದ್ದ ಎಂಟು ಕೆ.ಜಿ. ಹುಣಸೆಯನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟು, ಬೇಗ ಬೆರೆಯಲೆಂದು ಮೋಟಾರ್ ಹಾಕಿದೆ. ಸೀರೆ ಹಳೆಯದಿತ್ತು. ಮೋಟಾರ್ ಹೊಸದಿತ್ತು. ಗಂಟು ಬಿಚ್ಚಿಕೊಂಡು ಹುಣಸೆಯೆಲ್ಲ ಪೈಪು ಸೇರಿತು. ಮೋಟಾರ್ ಗೊರ್ರ್ ಎಂದು ಮೂರು ಸಲ ಕೆಮ್ಮಿ ಪ್ರಾಣ ಬಿಟ್ಟಿತು!

ಮಧ್ಯಾಹ್ನ ಸಾಬೀರ್ ಬಂದ. ನೀರು ನೋಡಿದ. ನನ್ನನ್ನು ನೋಡಿದ.

"ಅಮ್ಮಾ, ಏನೇನ್ ಹಾಕುದ್ರಿ?"

ಹೇಳಿದೆ.

"ಉಪ್ಪೊಂದು ಬುಟ್ಟೋಯ್ತು."

ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಎರಡು ಹನಿ ಔಷಧಿ ಬಿಟ್ಟು, ಬಣ್ಣದ ಕಾರ್ಡಿನ ಪಕ್ಕ ಹಿಡಿದ. ಆ ಬಣ್ಣ ಕಾರ್ಡಿನಲ್ಲೇ ಇರಲಿಲ್ಲ. ಸೊಸೆ ನನ್ನನ್ನು ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು!

"ಸಾಬೀರಣ್ಣ, ಭಾನುವಾರಕ್ಕೆ ಆಯ್ತದಾ?" ಎಂದಷ್ಟೇ ಕೇಳಿದಳು.

"ಆಯ್ತದಕ್ಕ. ಮೋಟಾರ್ ಬಿಚ್ಚಿ ತೊಳೀತೀನಿ, ಸುಣ್ಣದ ಖಾರ ಇಳಿಯೋಕೆ ಒಸಿ ಆಸಿಡ್ ಬುಡ್ತೀನಿ. ಆಮೇಲೆ ಎಲ್ಡು ದಿನ ನೀರು ಅಲ್ಲಾಡ್ಬಾರ್ದು. ಕೆಂಪು ತಳಕ್ಕೆ ಕೂತ್ಮೇಲೆ ನಿಧಾನಕ್ಕೆ ಎಳೆದು ಆಚೆಗ್ ಬುಡ್ತೀನಿ."

"ಈ ಎಲ್ಡು ದಿನ ನಾನೇನ್ ಮಾಡ್ಲಪ್ಪ?"

"ಏನೂ ಮಾಡ್ಬ್ಯಾಡಿ ಅಮ್ಮಾ. ಅದೇ ದೊಡ್ ಉಪ್ಕಾರ."

ತಾಳ್ಮೆಗೆ ನಾನು ಊರಲ್ಲೇ ಹೆಸರಾದವಳು! ಎರಡು ದಿನ ಕೊಳದ ದಡದಲ್ಲಿ ಕೋಲು ಹಿಡಿದು ಕೂತು ಕಾಗೆ ಓಡಿಸಿದೆ, ಎಲೆ ಬಿದ್ದರೂ ಬೈದೆ. ಶನಿವಾರ ಸಾಬೀರ್ ಕೆಸರು ಎಳೆದು, ಖಾಲಿಯಾದಷ್ಟು ನೀರು ತುಂಬಿಸಿ, ತನ್ನ ಔಷಧಿ ಹಾಕಿದ, ಒಸೊಸಿಯಾಗಿ. ಈ ಸಲ ಕೊಳವೆಯ ಬಣ್ಣ ಕಾರ್ಡಿನಲ್ಲಿತ್ತು. ಅದೇ ಸಂಜೆ ಯಜಮಾನರು ಒಂದು ಬಕೆಟ್ ಮೀನುಮರಿ ತಂದು ಜಗಲಿ ಮೇಲಿಟ್ಟರು.

ಭಾನುವಾರ ಎದ್ದು ನೋಡುತ್ತೇನೆ, ಕೊಳ ನೀಲಿ! ತಳದ ಟೈಲ್ಸ್ ಎಣಿಸಬಹುದು! ಹತ್ತು ಗಂಟೆಗೆ ಅತಿಥಿಗಳು ದಬದಬನೆ ಹಾರಿಕೊಂಡರು. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಯಜಮಾನರು ಮೀನುಮರಿಯ ಬಕೆಟ್ ಹಿಡಿದು, ದನ ನೀರು ಕುಡಿಯುವ ಕಲ್ಲುಬಾನಿಯ ಕಡೆ ಹೊರಟರು.

ನನಗೆ ಒಳಗೊಳಗೇ ಒಂದು ಹುಳ ಕೊರೆಯುತ್ತಿತ್ತು. ನೀರು ನೋಡಲು ಬಂದಿದ್ದ ಸಾಬೀರನನ್ನು ಹಿಡಿದೆ.

"ಲೋ ಸಾಬೀರ್, ನೀರ್ನ ಸುಮ್ಕೆ ಬುಟ್ರೆ ತಿಳಿಯಾಯ್ತದೆ ಅಂತ ಯಾವ ಕಾಲೇಜ್ನಾಗ್ ಕಲ್ತೆಯೋ?"

ಅವನು ನಾಚಿಕೊಂಡ.

"ನಿಮ್ಮತ್ರಾನೇ ಅಮ್ಮಾ. ಹೋದ್ ತಿಂಗ್ಳು ಅಳತೆಗೆ ಬಂದಾಗ ಕುಡ್ಯಾಕೆ ನೀರ್ ಕೇಳ್ದೆ. 'ಮಡ್ಕೆ ಅಲ್ಲಾಡಿಸ್ಬ್ಯಾಡ ಮಗಾ, ಬೋರ್ ನೀರಿನ್ ಕೆಂಪು ತಳಕ್ಕೆ ಕೂತೈತೆ, ಮೇಲಿಂದ ಮೆತ್ತಗೆ ಬಗ್ಗುಸ್ಕೋ' ಅಂದ್ರಲ್ಲ. ನಾನು ಅವತ್ತಿಂದ ಎಲ್ಲಾ ಕೊಳಕ್ಕೂ ಹಂಗೇ ಮಾಡ್ತಿದ್ದೀನಿ."

ಯಜಮಾನರು ಬಕೆಟ್ ಕೆಳಗಿಟ್ಟು, ತಿರುಗಿ ನೋಡಿದರು.

"ಅಲ್ಲ ಕಣಮ್ಮಿ, ನಿನ್ ಮಾತು ರಾಮನಗ್ರದ ಕೊಳಗಳೆಲ್ಲ ಕೇಳ್ತಾವಂತೆ. ನೀನೂ ಒಂದ್ಸಲ ಕೇಳ್ಬೋದಾಗಿತ್ತು!"