ಬಳೆಯಲ್ಲಿ ಪಿನ್ನು, ಮೈಮೇಲೆ ಗಂಡನ ಶರಟು

ಕಟ್ಟೆಮಳಲವಾಡಿಯಿಂದ ಹುಣಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿ, ಟೈಲರ್ ಅಂಗಡಿಯಲ್ಲಿ ಬ್ಲೌಸುಗಳಿಗೆ ಹುಕ್ಕು ಹಾಕುವವಳು ನಾನು. ಕೈ ಸುಮ್ಮನಿಟ್ಟುಕೊಳ್ಳಲಾರದ ಗಂಡಸರು ಬಸ್ಸು ಹತ್ತುತ್ತಿರುವವರೆಗೂ ಮುಂದೆ ಹೇಳುವಂಥ ಪ್ರಸಂಗಗಳಿಗೆ ಬರವಿಲ್ಲ. ದೇವರು ಅವರಿಗೆ ಎರಡು ಕೈ ಕೊಟ್ಟ. ನಮಗೆ ಮೈಮೇಲೆ ಹಾಕಿಕೊಳ್ಳಲು ನಾಲ್ಕು ಸಾಮಾನು ಕೊಟ್ಟ. ಅಲ್ಲಿಗೆ ಲೆಕ್ಕ ಸರಿಹೋಯಿತು.

ತೊಂದರೆ ಇರುವುದು ಮನೆಯಲ್ಲಿ. ನನ್ನ ಮೂರು ವರ್ಷದ ಮಗಳನ್ನು ನೋಡಿಕೊಳ್ಳುವವರು ಅತ್ತೆ. ದಾರಿಯಲ್ಲಿ ಏನಾದರೂ ಎಡವಟ್ಟಾಯಿತೆಂದು ಅವರ ಕಿವಿಗೆ ಬಿದ್ದರೆ ಆವತ್ತೇ ನನ್ನ ಕೆಲಸ ಬಂದ್. "ಮರ್ವಾದೆಗಿಂತ ನಿನ್ ಹುಕ್ಕು ಹೆಚ್ಚಾ?" ಅನ್ನುತ್ತಾರೆ. ಹಾಗಾಗಿ ಬಸ್ಸಿನ ಸಂಗತಿಯನ್ನು ನಾನು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅತ್ತೆ ಏನನ್ನೂ ಓದುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಪಿನ್ನು

ನಮ್ಮ ಕಡೆ ಹೆಂಗಸರ ಬಳೆಯಲ್ಲಿ ನಾಲ್ಕಾರು ಪಿನ್ನು ನೇತಾಡುತ್ತಿರುತ್ತವೆ. ಸೆರಗಿಗೆ ಒಂದು, ಮಗುವಿನ ಚಡ್ಡಿಗೆ ಒಂದು, ಮಿಕ್ಕವು ಬಸ್ಸಿಗೆ. ಇದನ್ನು ಕಲಿಸಿದವರು ಬಸ್ಸಿನಲ್ಲಿ ದಿನಾ ನನ್ನ ಪಕ್ಕ ನಿಲ್ಲುವ ಅಕ್ಕ. ಸ್ಕೂಲಿನಲ್ಲಿ ಬಿಸಿಯೂಟ ಮಾಡುವವರು.

ಒಂದು ದಿನ ಅಕ್ಕನ ಹಿಂದೆ ನಿಂತವನು ಬ್ರೇಕ್ ಹಾಕದಿದ್ದರೂ ಮೈಮೇಲೆ ಬೀಳುತ್ತಿದ್ದ. ಅಕ್ಕ ನನ್ನ ಜೊತೆ ಬೇಳೆಯ ವಿಷಯ ಮಾತಾಡುತ್ತಲೇ ಕೈಯನ್ನು ಹಿಂದಕ್ಕೆ ಕಳಿಸಿದರು. ಮಾತು ಒಂದಿಷ್ಟೂ ತಡವರಿಸಲಿಲ್ಲ.

"ಅಯ್ಯಮ್ಮಾ!" ಎಂದು ಅವನು ಹಾರಿದ. "ಏನೋ ಕಚ್ತು ಸಾರ್!"

"ತಿಗಣೆ ಇರ್ಬೇಕು ಬುಡ್ಲಾ" ಎಂದರು ಕಂಡಕ್ಟರ್.

"ನಾನು ಸೀಟಲ್ಲಿ ಕೂತೇ ಇಲ್ವಲ್ಲ ಸಾರ್!"

"ಅಂಗಾರೆ ನಿಂತ್ಕೊಂಡೋರ್ಗೆ ಕಚ್ಚೋ ತಿಗಣೆ."

ಮಾರನೆಯ ವಾರ ನನ್ನ ಸರದಿ. ಬೆನ್ನಿಗೆ ಏನೋ ಒತ್ತುತ್ತಿತ್ತು. ಚುಚ್ಚಿದೆ. ಕದಲಲಿಲ್ಲ. ಇನ್ನೂ ಜೋರಾಗಿ ಚುಚ್ಚಿದೆ. ಆಗಲೂ ಇಲ್ಲ. ಮೂರನೆಯ ಸಲ ಪಿನ್ನನ್ನು ಬುಡದವರೆಗೂ ಇಳಿಸಿ, ಎಂಥ ದಪ್ಪ ಚರ್ಮದವನಪ್ಪ ಎಂದು ತಿರುಗಿ ನೋಡಿದರೆ ಎಲೆಕೋಸಿನ ಮೂಟೆ. ಅದರ ಯಜಮಾನರು ಸೀಟಿನಿಂದಲೇ ಕೇಳಿದರು: "ಬೆಂದದೇನವ್ವಾ ಕೋಸು?"

ಹಿಮ್ಮಡಿ

ಕೆ.ಆರ್. ನಗರದಿಂದ ಬರುವ ಟೀಚರ್ ಒಬ್ಬರಿದ್ದಾರೆ. ದನಿ ಮೆತ್ತಗೆ, ಚಪ್ಪಲಿಯ ಹಿಮ್ಮಡಿ ಚೂಪು. ಮೈಗೆ ಮೈ ತಾಗಿಸಿಕೊಂಡು ನಿಂತವನ ಕಾಲಿನ ಮೇಲೆ ಆ ಹಿಮ್ಮಡಿ ಊರಿ, "ಸಾರಿ ಅಣ್ಣ" ಎಂದರು. ತಿರುವಿನಲ್ಲಿ ಮತ್ತೆ ಊರಿ, "ಸಾರಿ ಅಣ್ಣ." ಹಂಪಿನಲ್ಲೊಮ್ಮೆ, ಸ್ಟಾಪಿನಲ್ಲೊಮ್ಮೆ, ರಸ್ತೆ ನೆಟ್ಟಗಿದ್ದಾಗಲೂ ಒಮ್ಮೆ. ಅಷ್ಟು ಮರ್ಯಾದಸ್ಥ ಹೆಂಗಸನ್ನು ನಾನು ನೋಡಿಲ್ಲ. ಏಳು ಸಲ ಸಾರಿ ಕೇಳಿದರು. ಎಂಟನೆಯ ಸಲ ಅವನೇ ಸಾರಿ ಕೇಳಿ, ಟಿಕೆಟ್ ತಗೊಂಡಿದ್ದ ಊರು ಬರುವ ಮೊದಲೇ ಇಳಿದುಹೋದ.

ಗಂಡನ ಶರಟು

ನಮ್ಮ ಚಿಕ್ಕಮ್ಮ ಇರುವುದು ಪಿರಿಯಾಪಟ್ಟಣದ ಕಡೆ. ಅಲ್ಲಿ ಹೊಗೆಸೊಪ್ಪು ಮುರಿಯಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರಟು ಹಾಕುತ್ತಾರೆ. ಸೊಪ್ಪಿನ ಅಂಟು ಮೈಗೆ ಹತ್ತಬಾರದೆಂದು ಕೊರಳವರೆಗೂ ಗುಂಡಿ, ತಲೆಗೊಂದು ಟವೆಲು.

ಸಂಜೆ ಹೊಲದಿಂದ ಒಬ್ಬರೇ ಬರುತ್ತಿದ್ದಾಗ ಬೈಕಿನವನೊಬ್ಬ ಪಕ್ಕದಲ್ಲಿ ನಿಲ್ಲಿಸಿ, "ಅಜ್ಜಿ, ಮೇನ್ ರೋಡಿಗೆ ಯಾವ ಕಡೆ?" ಎನ್ನುತ್ತಲೇ ಚಿಕ್ಕಮ್ಮನ ಸರಕ್ಕೆ ಕೈ ಹಾಕಿದ. ಕೈ ಕಾಲರಿನೊಳಗೆ ಹೋಯಿತು. ಆಚೆ ಬರಲಿಲ್ಲ. ಮೇಲಿನ ಗುಂಡಿ ಅಷ್ಟು ಬಿಗಿ. ಚಿಕ್ಕಮ್ಮ ಗದ್ದ ಒತ್ತಿ ಅವನ ಕೈಯನ್ನು ಅಲ್ಲೇ ಹಿಡಿದು, ತಲೆಯ ಟವೆಲು ಬಿಚ್ಚಿ ಅವನ ಮುಖಕ್ಕೆ ಸುತ್ತಿ ಎಳೆದರು. "ಯಾರ್‌ಲಾ ಅಜ್ಜಿ? ನಲವತ್ತೈದು ಕಣ್ಲಾ ನಂಗೆ!" ಬೈಕು ಅವನ ಕಾಲಿನ ಮೇಲೇ ಬಿತ್ತು. ಹೇಗೋ ಬಿಡಿಸಿಕೊಂಡು, ಬೈಕನ್ನೂ ಬಿಟ್ಟು ಕುಂಟುತ್ತಾ ಓಡಿದ.

ಊರೆಲ್ಲ ಸೇರಿದಾಗ ಚಿಕ್ಕಪ್ಪ ಎದೆಯುಬ್ಬಿಸಿ, "ಕಾಪಾಡಿದ್ದು ನನ್ ಶರಟು ಕಣ್ರಪ್ಪಾ" ಎಂದರು.

ಚಿಕ್ಕಮ್ಮ ಬೆವರು ಒರೆಸಿಕೊಂಡು, "ಊ ಕಣಿ. ನೀವು ಒಳಗಿದ್ದಷ್ಟು ದಿನ ಅದು ಒಂದು ಕೆಲ್ಸಾನೂ ಮಾಡಿರ್ನಿಲ್ಲ" ಎಂದರು.

ಅತ್ತೆ

ಚಿಕ್ಕಮ್ಮನ ಸುದ್ದಿ ನಮ್ಮ ಅತ್ತೆಯ ಕಿವಿಗೆ ಬಿತ್ತು. "ನಾಳೀಕೆ ನಿನ್ ಜೊತೆ ನಾನೇ ಬತ್ತೀನಿ. ದಾರಿ ಸರಿ ಇಲ್ದಿದ್ರೆ ಕೆಲ್ಸಕ್ಕೆ ನಾಳೀಕೇ ಕೊನೆ" ಎಂದರು. ಮಗಳನ್ನು ಮಾವನಿಗೆ ಒಪ್ಪಿಸಿ, ತೆಂಗಿನಕಾಯಿ ಗಾತ್ರದ ತುರುಬು ಕಟ್ಟಿಕೊಂಡು ಹೊರಟರು. ಆ ತುರುಬು ತೋರಿಸಿ ತೋರಿಸಿಯೇ ಮದುವೆಯಾದಾಗಿನಿಂದ ನನ್ನ ಜಡೆಯನ್ನು ಇಲಿಬಾಲ ಎಂದವರು ಅವರು.

ಬಸ್ಸಿನಲ್ಲಿ ಏನೂ ಆಗಲಿಲ್ಲ. ಸೀಟೂ ಸಿಕ್ಕಿತು. ಹುಣಸೂರಿನಲ್ಲಿ ಇಳಿದು ಅಂಗಡಿಯ ಗಲ್ಲಿಗೆ ತಿರುಗಿದಾಗ ನನ್ನ ಎದೆ ಹಗುರಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಬಂದವನೊಬ್ಬ ಅತ್ತೆಯ ಸರಕ್ಕೆ ಕೈ ಹಾಕಿದ. ಅವನ ಬೆರಳು ಸಿಕ್ಕಿಕೊಂಡಿದ್ದು ತುರುಬಿಗೆ. ಬಲವಾಗಿ ಎಳೆದ. ಇಡೀ ತುರುಬು ಕೈಗೆ ಬಂತು.

ಚೌರಿ!

ಅವನು ಕೈಯಲ್ಲಿದ್ದ ಕೂದಲ ಗಂಟು ನೋಡಿದ. ಅತ್ತೆಯ ತಲೆ ನೋಡಿದ. ಅಲ್ಲಿ ಉಳಿದಿದ್ದು ನಿಂಬೆಕಾಯಿಯಷ್ಟು. "ಅಯ್ಯಯ್ಯಪ್ಪೋ!" ಎಂದು ಕಿರುಚಿ, ಅದನ್ನು ಬಿಸಾಡುವುದನ್ನೂ ಮರೆತು ಓಟ ಕಿತ್ತ. ಅತ್ತೆ ಸೀರೆ ಎತ್ತಿಕಟ್ಟಿ ಹಿಂದೆ ಬಿದ್ದರು. "ಲೇ, ಕೊಟ್ಟೋಗ್ಲಾ! ಕೊಟ್ಟೋಗ್ಲಾ!" ಅರವತ್ತು ದಾಟಿದ ಕಾಲುಗಳು ಹಾಗೆ ಓಡುವುದನ್ನು ನೋಡಿ, ಭಯದಲ್ಲೂ ನನಗೆ ಹೆಮ್ಮೆಯಾಯಿತು.

ಜನ ಸೇರಿದರು. "ಏನ್ ಕಿತ್ಕಂಡ್ ಓದ್ನವ್ವ?"

ಅತ್ತೆ ಸೆರಗನ್ನು ತಲೆತುಂಬಾ ಹೊದ್ದು, ಕೊರಳಿನ ಸರ ಮುಟ್ಟಿ ನೋಡಿಕೊಂಡರು. "ಏನೂ ಓಗಿಲ್ಲ. ಎಲ್ಲಾ ಅದೆ."

ಇನ್ನೂ ಹೆದರಿಕೆಯಿಂದ ಸೆರಗು ಹಿಡಿದಿದ್ದಾರೆಂದು ಅಂಗಡಿಯವರು ಅವರಿಗೆ ಎರಡು ಸಲ ಟೀ ಕೊಟ್ಟರು. ನನ್ನ ಕೆಲಸ ಇವತ್ತಿಗೆ ಮುಗಿಯಿತೆಂದು ನಾನು ಹುಕ್ಕಿನ ಡಬ್ಬಿ ಮುಚ್ಚಿ, ಸೂಜಿ ಎತ್ತಿಟ್ಟೆ. ಸಂಜೆ ಬಸ್ಸಿನಲ್ಲಿ ಕೂತು ಮೆಲ್ಲಗೆ ಕೇಳಿದೆ, "ಮನೇಲಿ ಏನಂತ ಹೇಳಣ ಅತ್ತೆ?"

"ಹೇಳೋಕೆ ಏನಾಗದೆ? ದಾರಿ ಬಂಗಾರ್ದಂಗದೆ."

"ಹಂಗಾದ್ರೆ ನಾಳೆ ಕೆಲಸಕ್ಕೆ?"

"ಓಗ್ದೆ ಇನ್ನೇನು!" ಎಂದು ಗದರಿದರು. ಆಮೇಲೆ ಅತ್ತಿತ್ತ ನೋಡಿ ನನ್ನ ಕಿವಿಗೆ ಬಾಗಿದರು. "ಬರೋವಾಗ ಚೌರಿ ತಗಂಬಾ. ಎರಡು ಇರ್ಲಿ. ಒಂದು ನಂಗೆ, ಒಂದು ಕಳ್ಳಂಗೆ."